ಕಿರಣಗಳಿಗೂ ಉತ್ತರದಾಯಿತ್ವ ಬೇಕು

ವಿಮಾನ ನಿಲ್ದಾಣದ ತಪಾಸಣಾ ಯಂತ್ರದೊಳಗೆ ಕೈಯೆತ್ತಿ ನಿಲ್ಲುವ ಕೆಲವು ಕ್ಷಣಗಳು ವಲಸಿಗರ ಬದುಕಿನ ಭಾಗವೇ ಆಗಿಬಿಟ್ಟಿವೆ. ಊರಿನಿಂದ ನಮ್ಮನ್ನು ನೋಡಲು ಬಂದ ತಾಯಿ, ‘ಇದರಿಂದ ಮೈಗೇನೂ ಆಗುವುದಿಲ್ಲವೇ?’ ಎಂದು ಕೇಳಿದರೆ, ‘ಏನೂ ಆಗುವುದಿಲ್ಲ’ ಎಂದುಬಿಡುತ್ತೇವೆ. ಆ ಉತ್ತರ ಬಹುಮಟ್ಟಿಗೆ ಸರಿ. ಆದರೆ ಯಾವ ಆಧಾರದ ಮೇಲೆ ಸರಿ, ಎಲ್ಲಿಯವರೆಗೆ ಸರಿ ಎಂದು ಎಷ್ಟು ಮಂದಿ ವಿಚಾರಿಸಿದ್ದೇವೆ?

ಇಂದಿನ ಬಹುತೇಕ ಸ್ಕ್ಯಾನರ್‌ಗಳು ಬಳಸುವುದು ಮಿಲಿಮೀಟರ್ ಅಲೆಗಳನ್ನು. ಅವುಗಳ ನೆರೆಯಲ್ಲಿ, ಮೈಕ್ರೋವೇವ್‌ಗೂ ಅವಗೆಂಪು ಕಿರಣಕ್ಕೂ ನಡುವೆ, ಟೆರಾಹರ್ಟ್ಜ್ ವಲಯವಿದೆ. ಒಂದು ಟೆರಾಹರ್ಟ್ಜ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಕಂಪನಗಳು. ಬಟ್ಟೆಯನ್ನು ದಾಟಿ ನೋಡಬಲ್ಲ ಈ ಅಲೆಗಳ ಮೇಲೆ ಭದ್ರತೆ, ವೈದ್ಯಕೀಯ, ದೂರಸಂಪರ್ಕ ಈ ಮೂರೂ ಕ್ಷೇತ್ರಗಳ ಕಣ್ಣಿದೆ. ಅಮೆರಿಕದ ಸಂವಹನ ಆಯೋಗವು 2019ರ ಮಾರ್ಚ್‌ನಲ್ಲೇ 95 ಗಿಗಾಹರ್ಟ್ಜ್‌ನಿಂದ 3 ಟೆರಾಹರ್ಟ್ಜ್‌ವರೆಗಿನ ವಲಯವನ್ನು ಪ್ರಯೋಗಗಳಿಗೆ ತೆರೆಯಿತು. 6ಜಿಯ ಕನಸು ಕಾಣುವವರೂ ಇದೇ ದಿಕ್ಕಿನಲ್ಲಿ ನೋಡುತ್ತಿದ್ದಾರೆ.

ಭೌತವಿಜ್ಞಾನ ಹೇಳುವುದನ್ನು ಮೊದಲು ಕೇಳೋಣ. ಎಕ್ಸ್-ರೇಯಂತೆ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯಲು ಬೇಕಾದ ಶಕ್ತಿ ಟೆರಾಹರ್ಟ್ಜ್ ಫೋಟಾನಿಗಿಲ್ಲ. ಸಾವಿರಾರು ಪಟ್ಟು ಕೊರತೆಯಿದೆ. ನೀರು ಈ ಅಲೆಗಳನ್ನು ಬಲವಾಗಿ ಹೀರಿಕೊಳ್ಳುವುದರಿಂದ ಅವು ಚರ್ಮದಲ್ಲಿ ಒಂದು ಮಿಲಿಮೀಟರ್‌ನಷ್ಟೂ ಆಳಕ್ಕೆ ಇಳಿಯಲಾರವು. ಖಚಿತವಾಗಿ ತಿಳಿದಿರುವ ಪರಿಣಾಮವೆಂದರೆ ಬಿಸಿ. ನಮ್ಮ ದೇಹವೂ ಸದಾಕಾಲ ಈ ಅಲೆಗಳನ್ನು ಕ್ಷೀಣವಾಗಿ ಹೊರಸೂಸುತ್ತಲೇ ಇರುತ್ತದೆ.

ಆದರೆ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. 2010ರ ಸುಮಾರಿಗೆ ಲಾಸ್ ಅಲಾಮೋಸ್‌ನ ವಿಜ್ಞಾನಿಗಳು, ಈ ಅಲೆಗಳು ಡಿಎನ್‌ಎಯ ಎರಡು ಎಳೆಗಳನ್ನು ಅಲ್ಲಲ್ಲಿ ಬಿಡಿಸಬಹುದೆಂದು ಗಣಿತದ ಮಾದರಿಯೊಂದರಿಂದ ಊಹಿಸಿದರು. ಆ ಮಾದರಿಯ ಆಧಾರಗಳನ್ನೇ ಪ್ರಶ್ನಿಸಿದವರೂ ಇದ್ದಾರೆ. 2013ರಲ್ಲಿ ಕೆನಡಾದ ಆಲ್ಬರ್ಟಾದ ಸಂಶೋಧಕರು ಪ್ರಯೋಗಾಲಯದ ಮಾನವ ಚರ್ಮದ ಅಂಗಾಂಶದ ಮೇಲೆ ತೀವ್ರ ಸ್ಪಂದನಗಳನ್ನು ಹಾಯಿಸಿದಾಗ, ಡಿಎನ್‌ಎ ಹಾನಿಯ ಸೂಚನೆ ಕಂಡಿತು. ಜೊತೆಗೇ ಅದನ್ನು ದುರಸ್ತಿ ಮಾಡುವ ಪ್ರೋಟೀನುಗಳೂ ಹೆಚ್ಚಿದವು. ಇದರಿಂದ ‘ಸ್ಕ್ಯಾನರ್‌ನಿಂದ ಕ್ಯಾನ್ಸರ್’ ಎಂಬ ತೀರ್ಮಾನಕ್ಕೆ ಜಿಗಿಯುವುದು ತಪ್ಪು. ತಿಳಿಯಬೇಕಾದುದೇನೂ ಉಳಿದಿಲ್ಲ ಎನ್ನುವುದೂ ಅಷ್ಟೇ ತಪ್ಪು.

ವಿಜ್ಞಾನ ಇನ್ನೂ ಕೆಲಸದಲ್ಲಿರುವಾಗ ನಿರ್ಧಾರ ಕೈಗೊಳ್ಳುವವರು ಯಾರು? ಎಕ್ಸ್-ರೇ ಸ್ಕ್ಯಾನರ್‌ಗಳ ಚರಿತ್ರೆ ಇಲ್ಲಿ ಪಾಠವಾಗಬೇಕು. 2011ರ ನವೆಂಬರ್‌ನಲ್ಲಿ ಐರೋಪ್ಯ ಒಕ್ಕೂಟವು ನಾಗರಿಕರ ಆರೋಗ್ಯದ ಕಾರಣ ನೀಡಿ ಅವನ್ನು ತನ್ನ ಅನುಮತಿಯ ಪಟ್ಟಿಯಿಂದ ಹೊರಗಿಟ್ಟಿತು. ಸ್ಕ್ಯಾನರ್ ಬೇಡವೆನ್ನುವ ಪ್ರಯಾಣಿಕರಿಗೆ ಬೇರೆ ವಿಧದ ತಪಾಸಣೆಯ ಹಕ್ಕನ್ನೂ ಕೊಟ್ಟಿತು. ಅದೇ ಯಂತ್ರಗಳು ಅಮೆರಿಕದಲ್ಲಿ 2013ರವರೆಗೂ ಓಡಿದವು. ಕೊನೆಗೆ ಅವು ಹೊರಬಿದ್ದದ್ದು, ಬೆತ್ತಲೆ ದೇಹದಂತಹ ಚಿತ್ರವನ್ನು ಮರೆಮಾಚುವ ತಂತ್ರಾಂಶ ಸಕಾಲದಲ್ಲಿ ಸಿದ್ಧವಾಗದ ಕಾರಣಕ್ಕೆ. ಸ್ಕ್ಯಾನರ್‌ಗಳನ್ನು ಜಾರಿಗೆ ತರುವ ಮುನ್ನ ಜನರ ಅಭಿಪ್ರಾಯ ಕೇಳಬೇಕಿತ್ತು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2011ರ ಜುಲೈನಲ್ಲಿ ಹೇಳಿತು. ಅಂತಿಮ ನಿಯಮ ಹೊರಬರಲು 2016ರ ಮಾರ್ಚ್ ಬೇಕಾಯಿತು. ಅಷ್ಟರಲ್ಲಿ ಕೋಟ್ಯಂತರ ಜನ ಕೈಯೆತ್ತಿ ನಿಂತು ಹೋಗಿದ್ದರು.

ವದಂತಿಯ ದಾರಿಯೂ ನಮ್ಮದಲ್ಲ. 2020ರಲ್ಲಿ 5ಜಿಯಿಂದ ಕೋವಿಡ್ ಹರಡುತ್ತದೆಂಬ ಸುಳ್ಳನ್ನು ನಂಬಿ ಬ್ರಿಟನ್ನಿನಲ್ಲಿ ಮೊಬೈಲ್ ಗೋಪುರಗಳಿಗೆ ಬೆಂಕಿಯಿಟ್ಟರು. ಬೈಗುಳ ತಿಂದವರು ರಸ್ತೆಯಲ್ಲಿ ದುಡಿಯುತ್ತಿದ್ದ ತಂತ್ರಜ್ಞರು. ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪುಗಳಲ್ಲೂ ಅಂಥ ಸಂದೇಶಗಳು ಹರಿದಾಡಿದ್ದನ್ನು ಮರೆಯಲಾಗದು. ಅಂಥ ಪ್ರತಿಯೊಂದು ಸುಳ್ಳೂ ನ್ಯಾಯವಾದ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಕಂಪನಿಗಳಿಗೆ ಒದಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಈ ತಂತ್ರಜ್ಞಾನ ಮನೆ, ಬೀದಿ, ಕಾರ್ಖಾನೆಗಳನ್ನು ತಲುಪುವ ಮೊದಲೇ, ದೀರ್ಘಕಾಲದ ಮತ್ತು ಮರುಮರಳಿ ಆಗುವ ಒಡ್ಡಿಕೆಯ ಕುರಿತು ಸಾರ್ವಜನಿಕ ಹಣದಲ್ಲಿ ಸ್ವತಂತ್ರ ಸಂಶೋಧನೆ ನಡೆಯಬೇಕು. ಫಲಿತಾಂಶ ಯಾರ ಪರವಾಗಿದ್ದರೂ ಪ್ರಕಟವಾಗಬೇಕು. ಅಂತರರಾಷ್ಟ್ರೀಯ ಆಯೋಗವೊಂದು 2020ರಲ್ಲಿ ಪರಿಷ್ಕರಿಸಿದ ರೇಡಿಯೊ ಅಲೆಗಳ ಮಾರ್ಗಸೂಚಿ 300 ಗಿಗಾಹರ್ಟ್ಜ್‌ಗೆ ನಿಲ್ಲುತ್ತದೆ. ಅಲ್ಲಿಂದಾಚೆ ಲೇಸರ್ ಮತ್ತು ಬೆಳಕಿಗೆಂದು ರೂಪಿಸಿದ ನಿಯಮಗಳು ಶುರುವಾಗುತ್ತವೆ. ಈ ಗಡಿಯನ್ನು ಹೊಸ ಬಳಕೆಗಳಿಗೆ ತಕ್ಕಂತೆ ಮರುಪರಿಶೀಲಿಸಬೇಕು. ಪ್ರಯಾಣಿಕ ಕೆಲವು ಕ್ಷಣ ನಿಂತು ಹೋಗುತ್ತಾನೆ. ಯಂತ್ರದ ಪಕ್ಕದಲ್ಲಿ ಪಾಳಿಯಿಡೀ ನಿಲ್ಲುವ ಕಾರ್ಮಿಕರನ್ನು ಅಧ್ಯಯನಗಳು ಮೊದಲು ಗಮನಿಸಲಿ. ಬೇಡವೆನ್ನುವ ಹಕ್ಕು ಎಲ್ಲ ದೇಶಗಳಲ್ಲೂ ಇರಲಿ, ಅದನ್ನು ಬಳಸಿದವರನ್ನು ಅನುಮಾನಿತರಂತೆ ನಡೆಸಿಕೊಳ್ಳದಿರಲಿ.

ಮುಂದಿನ ಸಲ ತಾಯಿ ಕೇಳಿದಾಗ ಹೀಗೆ ಹೇಳೋಣ: ‘ಇವತ್ತಿನ ಈ ಯಂತ್ರಕ್ಕೆ ಹೆದರಬೇಕಾಗಿಲ್ಲಮ್ಮ. ನಾಳೆ ಬರುವುದರ ಬಗ್ಗೆ ಕೇಳುತ್ತಲೇ ಇರಬೇಕು.’ ಆ ಕೇಳುವ ಕೆಲಸವನ್ನು ನಾವು ನೆಲೆಸಿರುವ ಊರುಗಳಲ್ಲಿ, ನಮ್ಮ ಕಾರ್ಮಿಕ ಸಂಘಗಳಲ್ಲಿ, ನಮ್ಮ ಪ್ರತಿನಿಧಿಗಳ ಮುಂದೆ ಈಗಲೇ ಆರಂಭಿಸೋಣ.