ಕೆರೆ ದಂಡೆಯ ಟೆಂಟು: ಹೀರೋ ಯಾರು, ವಿಲನ್ ಯಾರು?

ಗೆಳೆಯರೇ, ಈ ವಾರದ ಟಪಾಲಿನಲ್ಲಿ ಅಭಿಮಾನಿಗಳ ಜಗಳ ಇಲ್ಲ. ಯಾರ ಚಿತ್ರ ನೂರು ದಿನ ಓಡಿತು ಎಂಬ ಸವಾಲೂ ಇಲ್ಲ. ಹುಮನಾಬಾದಿನಿಂದ ನಾಲ್ವರು ದೋಸ್ತರು ಕೂಡಿ ಬರೆದ ಕಾಗದ ಇದೆ. ಅದರ ಸಾರಾಂಶ ಅವರ ಮಾತಿನಲ್ಲೇ ಕೇಳಿ:

“ಶನಿವಾರ ಸೆಕೆಂಡ್ ಶೋ ಬಿಟ್ಟು ಗಾಳ ಹಾಕ್ಲಿಕ್ಕೆ ಹೋಗ್ತೀವ್ರೀ. ರಾತ್ರಿ ಪೂರಾ ದಂಡಿ ಮ್ಯಾಲೆ ಕುಂದರಬೇಕಾಗ್ತದ. ಮೊಬೈಲ್‌ನಾಗ ಇಂಗ್ಲೆಂಡಿನ ಮಂದಿ ಬಿವ್ವಿ ಅಂತ ಒಂದು ಗುಡಾರ ಹಾಕ್ಕೊಂಡು ಗೆಂಡೆ ಮೀನು ಹಿಡಿಯೋದು ನೋಡಿದ್ವಿ. ಅದು ತಗೋಬೇಕೋ, ಬಜಾರಿನ ಸಾದಾ ಟೆಂಟ್ ಸಾಕೋ, ಇಲ್ಲಾ ತಾಡಪತ್ರಿನೇ ಬೆಸ್ಟೋ?”

ಭಲೇ ಹುಡುಗರೇ! ಟೆಂಟಿನ ಪ್ರಶ್ನೆಯನ್ನು ಸಿನಿಮಾ ಪತ್ರಿಕೆಗೆ ಕೇಳದೆ ಇನ್ಯಾರಿಗೆ ಕೇಳ್ತೀರಿ? ನಮ್ಮ ಎಷ್ಟೋ ಊರುಗಳಿಗೆ ಸಿನಿಮಾ ಬಂದದ್ದೇ ಟೆಂಟಿನೊಳಗೆ ತಾನೆ? ಟೂರಿಂಗ್ ಟಾಕೀಸಿನ ಬಟ್ಟೆ ಯಾವ ಬಣ್ಣದ್ದು ಅಂತ ಯಾರೂ ಕೇಳಲಿಲ್ಲ. ಗಾಳಿಗೆ ನಿಲ್ಲುತ್ತಾ, ಮಳೆಗೆ ಸೋರುತ್ತಾ, ಗಲಾಟೆ ಆದರೆ ಹೊರಗೋಡಲು ದಾರಿ ಇದೆಯಾ... ಕೇಳುವ ಪ್ರಶ್ನೆ ಇಷ್ಟೇ. ಕೆರೆ ದಂಡೆಯ ಗುಡಾರಕ್ಕೂ ಅದೇ ಪರೀಕ್ಷೆ. ಅದನ್ನು ಅಳೆಯಬೇಕಾದ್ದು ಫೋಟೋದಿಂದಲ್ಲ, ರಾತ್ರಿಯ ಒಂದು ಕೆಟ್ಟ ಗಂಟೆಯಿಂದ.

ಮೊದಲು ಈ ಬಿವ್ವಿ ಎಂಬ ಪರದೇಶಿ ಹೀರೋನ ಜಾತಕ ನೋಡೋಣ. ಸೈನಿಕರು ಬಯಲಲ್ಲಿ ರಾತ್ರಿ ಕಳೆಯುವುದಕ್ಕೆ ‘ಬಿವೊವ್ಯಾಕ್’ ಎನ್ನುತ್ತಾರೆ. ಬಿವ್ವಿ ಅದರ ಮುದ್ದಿನ ಹೆಸರು. ಇಂಗ್ಲೆಂಡಿನ ಗೆಂಡೆ ಬೇಟೆಗಾರರು ಒಂದೇ ಕೊಳದ ದಂಡೆಯಲ್ಲಿ ಎರಡು ಮೂರು ದಿನ ಕೂರುತ್ತಾರೆ. ಆ ಹುಚ್ಚಿಗೆ ದೊಡ್ಡ ಹೆಸರು ತಂದವರು ರಿಚರ್ಡ್ ವಾಕರ್. 1952ರ ಸೆಪ್ಟೆಂಬರ್ 13ರಂದು ರೆಡ್‌ಮೈರ್ ಎಂಬ ಕೊಳದಲ್ಲಿ 44 ಪೌಂಡಿನ, ಅಂದರೆ ಸುಮಾರು 20 ಕಿಲೋದ ಗೆಂಡೆ ಹಿಡಿದು ದಾಖಲೆ ಮಾಡಿದರು. ಆ ಮೀನು ಸಾಯಲಿಲ್ಲ ಸ್ವಾಮಿ! ಲಂಡನ್ ಝೂಗೆ ಹೋಗಿ, ವರ್ಷಗಟ್ಟಲೆ ಜನರಿಗೆ ದರ್ಶನ ಕೊಡುತ್ತಾ ಸ್ಟಾರ್ ಆಗಿ ಬಾಳಿತು.

ಬಿವ್ವಿಯ ಗುಟ್ಟು ಒಂದೇ: ಅದರ ಮುಂಭಾಗ ಪೂರ್ತಿ ತೆರೆದುಕೊಳ್ಳುತ್ತದೆ. ಮೀನು ಎಳೆದಾಗ ಜಿಪ್ ಹುಡುಕುತ್ತಾ ತೆವಳಬೇಕಾಗಿಲ್ಲ, ಎದ್ದು ನಿಂತು ನೇರ ಗಾಳದ ಕೋಲಿಗೆ ಕೈ ಹಾಕಬಹುದು. ಬೆಟ್ಟ ಹತ್ತುವವರ ಟೆಂಟು ನಿದ್ದೆಗೆ, ಬಿವ್ವಿ ಕಾವಲಿಗೆ. ಆದರೆ ಇಬ್ಬರು ಮಲಗುವ ಬಿವ್ವಿಯ ತೂಕ ಹತ್ತು ಕಿಲೋದ ಆಸುಪಾಸು. ಕಾರಿನ ಡಿಕ್ಕಿಯಲ್ಲಿ ತರುವವರಿಗೆ ಅದು ಸರಿ. ನಾಲ್ಕು ಜನ, ಎರಡು ಬೈಕು, ಮೇಲೆ ಬುತ್ತಿ ಗಂಟು... ಲೆಕ್ಕ ನೀವೇ ಹಾಕಿ!

ಇನ್ನು ನಮ್ಮ ಕಡೆಯ ಗೆಂಡೆಗಳು. ಬಸವಕಲ್ಯಾಣದ ತ್ರಿಪುರಾಂತ ಕೆರೆ, ಅದೇ ತಾಲ್ಲೂಕಿನ ಚುಳಕಿ ನಾಲಾ ಜಲಾಶಯ, ಆಚೆಗೆ ಮಾಂಜ್ರಾ ಸೇರುವ ಕಾರಂಜಾ ನದಿಯ ಹಿನ್ನೀರು. ಬೀದರ್ ಸೀಮೆಯವರಿಗೆ ಈ ಹೆಸರುಗಳು ಹೊಸವಲ್ಲ. ಕಾಟ್ಲಾ, ರೋಹು, ಮೃಗಾಲ್ ಮೂರೂ ಗೆಂಡೆ ಕುಲದವೇ. ಇವು ಕೆರೆಯ ನಿಂತ ನೀರಿನಲ್ಲಿ ಸಂತಾನ ಬೆಳೆಸುವುದಿಲ್ಲ. ಮಳೆಗಾಲದ ಹರಿವ ಹೊಳೆ ಬೇಕು. ಆದ್ದರಿಂದ ಕೆರೆಗೆ ಯಾರಾದರೂ ಮರಿ ತಂದು ಬಿಡಲೇಬೇಕು. ಹಾಗೆ ದುಡ್ಡು ಸುರಿದು ಮೀನು ಪಾಶುವಾರು ಹಕ್ಕು ಹಿಡಿದವರು ಇರುತ್ತಾರೆ. ಅವರನ್ನೋ ಮೀನುಗಾರಿಕೆ ಇಲಾಖೆಯನ್ನೋ ಕೇಳಿ ಒಪ್ಪಿಗೆ ಪಡೆಯದೆ ಗುಡಾರ ಹೂಡಿದರೆ, ಅದು ಟಿಕೆಟ್ ಇಲ್ಲದೆ ಬಾಲ್ಕನಿಯಲ್ಲಿ ಕೂತ ಹಾಗೆ. ಗೇಟ್‌ಕೀಪರ್ ಬಂದೇ ಬರುತ್ತಾನೆ!

ಒಪ್ಪಿಗೆ ಸಿಕ್ಕಿತು. ಈಗ ಅಂಗಡಿಗೆ ಬನ್ನಿ.

ಟೆಂಟಿನ ಚೀಟಿಯ ಮೇಲೆ 1500 ಮಿಲಿಮೀಟರ್, 3000, 5000 ಎಂದು ಬರೆದಿರುತ್ತದೆ. ಇದು ಟೆಂಟಿನ ಉದ್ದವೂ ಅಲ್ಲ, ಮಳೆಯ ಲೆಕ್ಕವೂ ಅಲ್ಲ. ಆ ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರದು ಎಂಬ ಪರೀಕ್ಷೆಯ ಅಂಕ. ಮೇಲ್ಹೊದಿಕೆಗೆ 1500 ಪಾಸ್ ಮಾರ್ಕು, 3000 ಫಸ್ಟ್ ಕ್ಲಾಸು. ಆದರೆ ನೆಲದ ಹಾಸಿಗೆ 5000 ಇರಲಿ. ಮೊಣಕಾಲು, ಮೊಣಕೈ ಊರಿದಾಗ ಒತ್ತಡ ಬೀಳುವುದು ಅಲ್ಲೇ. ಇನ್ನೊಂದು ಮಾತು, ಬಟ್ಟೆಗಿಂತ ಮೊದಲು ಸೋರುವುದು ಹೊಲಿಗೆ. ಒಳಗಿನಿಂದ ಹೊಲಿಗೆಗೆ ಟೇಪು ಅಂಟಿಸಿದೆಯೋ ಇಲ್ಲವೋ ಬೆರಳಾಡಿಸಿ ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಬೆಳಗ್ಗೆ ಟೆಂಟಿನ ಒಳಗೋಡೆ ಒದ್ದೆಯಾಗಿದ್ದರೆ “ಸೋರುತ್ತೆ, ಮೋಸ ಆಯ್ತು” ಅಂತ ಕೂಗಾಡಬೇಡಿ. ಅದು ನಿಮ್ಮದೇ ಉಸಿರು! ಡಿಸೆಂಬರ್–ಜನವರಿಯ ಬೀದರ್ ಚಳಿಗೆ ಬಟ್ಟೆ ತಣ್ಣಗಾಗುತ್ತದೆ, ಒಳಗಿನ ಉಸಿರಿನ ಹಬೆ ಅದಕ್ಕೆ ತಾಗಿ ನೀರಾಗುತ್ತದೆ. ಎರಡು ಪದರದ ಟೆಂಟು, ಮೇಲೆ ಕೆಳಗೆ ಗಾಳಿಕಿಂಡಿ, ಇದೇ ಮದ್ದು. ಬೇಸಿಗೆಯಲ್ಲಿ ತಿರುಗಾ ಮುರುಗಾ. ಇಂಗ್ಲೆಂಡಿನ ಕಡುಹಸಿರು ಬಿವ್ವಿ ನಮ್ಮ ಏಪ್ರಿಲ್ ಬಿಸಿಲಿಗೆ ಬೆಳಗ್ಗೆ ಒಂಬತ್ತಕ್ಕೇ ರೊಟ್ಟಿ ಹಂಚು.

ಇನ್ನು ಗೂಟ. ಅಂಗಡಿಯ ಟೆಂಟಿನ ಜೊತೆ ತಂತಿಯಂಥ ಗೂಟ ಕೊಟ್ಟಿರುತ್ತಾರೆ. ನಮ್ಮ ಸೀಮೆಯಲ್ಲಿ ಎರಡು ಬಗೆಯ ನೆಲ. ಒಂದು ಕೆಂಪು ಜಂಬಿಟ್ಟಿಗೆ, ಗೂಟ ಹೊಡೆದರೆ ಗೂಟವೇ ನಮಸ್ಕಾರ ಮಾಡುತ್ತದೆ. ಇನ್ನೊಂದು ಕರಿ ಎರೆ. ಒಣಗಿದಾಗ ಬಿರುಕು, ನೆಂದಾಗ ಬೆಣ್ಣೆ. ಸಂಜೆ ಭದ್ರವಾಗಿದ್ದ ಗೂಟ ಮಳೆ ಬಿದ್ದ ಅರ್ಧ ಗಂಟೆಗೆ ಜಾರಿ ಹೊರಬರುತ್ತದೆ. ಜಂಬಿಟ್ಟಿಗೆಗೆ ದಪ್ಪ ಉಕ್ಕಿನ ಗಿಡ್ಡ ಗೂಟ, ಎರೆಗೆ ಒಂದು ಮೊಳದ ಅಗಲ ಗೂಟ, ಎರಡಕ್ಕೂ ಮೇಲೊಂದು ಕಲ್ಲು. ಹಗ್ಗದಲ್ಲಂತೂ ಜುಗ್ಗತನ ಬೇಡ. ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆಯುವುದನ್ನೇ ಕಾಯಕ ಮಾಡಿಕೊಂಡಿದ್ದ ನುಲಿಯ ಚಂದಯ್ಯನವರು ಬಾಳಿದ ಊರು ಕಲ್ಯಾಣ. ಆ ಊರಿನ ಹುಡುಗರ ಟೆಂಟು ಹಗ್ಗ ಕಿತ್ತು ಹಾರಿಹೋದರೆ ಮರ್ಯಾದೆ ಏನಾಗಬೇಕು?

ಈಗ ತೀರ್ಪು. ನಾಲ್ಕು ಜನಕ್ಕೆ, ಎರಡು ಬೈಕಿಗೆ, ಮಧ್ಯಮ ಜೇಬಿಗೆ ನನ್ನ ಓಟು ತಾಡಪತ್ರಿಗೇ! ತೊಗರಿ, ಸೋಯಾಬೀನ್ ರಾಶಿಯನ್ನು ಮಳೆಯಿಂದ ಉಳಿಸುವ ಅದೇ ತಾಡಪತ್ರಿ. ಬೆನ್ನಿನ ಅಂಚು ನೆಲಕ್ಕೆ ಹತ್ತಿಸಿ, ಮುಂಭಾಗ ಎರಡು ಕೋಲಿನ ಮೇಲೆ ಸೊಂಟದೆತ್ತರ. ಅಷ್ಟೇ, ದೇಸಿ ಬಿವ್ವಿ ರೆಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬಹುಮಟ್ಟಿಗೆ ಪಡುವಣದ್ದು, ಬೆನ್ನು ಆ ಕಡೆಗಿರಲಿ. ಎತ್ತರ ಕಟ್ಟಿದಷ್ಟೂ ಅದು ಹಾಯಿಯಾಗುತ್ತದೆ. ತಾಡಪತ್ರಿಯ ಕಣ್ಣು ಕಿತ್ತುಹೋಗಿದ್ದರೆ ಮೂಲೆಯಲ್ಲಿ ದುಂಡು ಕಲ್ಲೊಂದನ್ನು ಸುತ್ತಿ, ಅದರ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಬಟ್ಟೆ ಹರಿದೀತು, ಗಂಟು ಬಿಡದು. ಇದರ ಜೊತೆ ನೆಲ, ಗೋಡೆ, ಜಿಪ್ಪು ಎಲ್ಲ ಕೂಡಿಸಿ ಹೊಲಿದ ಸಾದಾ ಟೆಂಟು ಒಂದು. ಇಬ್ಬರು ಗಾಳ ಕಾಯಲಿ, ಇಬ್ಬರು ಜಿಪ್ ಹಾಕಿಕೊಂಡು ಮಲಗಲಿ. ದಂಡೆಯ ಕಲ್ಲುಸಂದಿಯಲ್ಲಿ ಚೇಳಿದೆ, ಹುಲ್ಲಲ್ಲಿ ಕೊಳಕುಮಂಡಲ ಇದೆ. ತೆರೆದ ತಾಡಪತ್ರಿಯ ಕೆಳಗೆ ನೆಲದ ಮೇಲೆ ನಿದ್ದೆ ಬೇಡವೇ ಬೇಡ. ಬೆಳಗ್ಗೆ ಬೂಟು ಕೊಡವಿಯೇ ಕಾಲಿಡಿ.

ಮುಂದೆ ಕಾರು, ಕಾಸು ಎರಡೂ ಬಂದ ಕಾಲಕ್ಕೆ ಬಿವ್ವಿ ಕೊಳ್ಳಿ, ನನ್ನದೇನೂ ತಕರಾರಿಲ್ಲ.

ಇಲ್ಲಿಯವರೆಗೆ ಹೀರೋ ಕಥೆ ಆಯ್ತು. ಇನ್ನು ವಿಲನ್‌ಗಳು. ಮೂವರಿದ್ದಾರೆ.

ಮೊದಲನೆಯವನು ನೀರು. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಪ್ರವಾಹ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಹಿನ್ನೀರು ಇಳಿದಾಗ ಬಯಲಾಗುವ ಸಪಾಟು ನೆಲ ಮಲಗಲು ಬಾ ಅಂತ ಕರೆಯುತ್ತದೆ. ಅದು ಕೆರೆಯ ಹೊಟ್ಟೆ. ಮೇಲೆಲ್ಲೋ ಮಳೆ ಸುರಿದರೆ ನಿಮಗೆ ಹನಿ ಬೀಳದಿದ್ದರೂ ನೀರು ಏರುತ್ತದೆ. ಹಳೆಯ ಕಸಕಡ್ಡಿಯ ಗೆರೆ ಎಲ್ಲಿದೆಯೋ ಅದರ ಮೇಲೆಯೇ ಗುಡಾರ ಹೂಡಬೇಕು.

ಎರಡನೆಯವನು ಬೆಂಕಿ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 90ಕ್ಕೂ ಹೆಚ್ಚು ಜೀವ ಹೋದವು, ಹೆಚ್ಚಿನವರು ಮಕ್ಕಳು. ಇಂದಿನ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಉರಿದು ಕರಗಿ ಮೈಗೆ ಅಂಟುತ್ತದೆ. ಚಳಿಗಾಲದಲ್ಲಿ ಇನ್ನೊಂದು ಅಪಾಯ. ಸಿಗಡಿಯ ಕೆಂಡವನ್ನು ಒಳಗಿಟ್ಟು ಜಿಪ್ ಎಳೆದುಕೊಂಡರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ. ನಿದ್ದೆಯಲ್ಲೇ ಕಥೆ ಮುಗಿಯುತ್ತದೆ. ಒಲೆ, ಸಿಗಡಿ, ಬೀಡಿ ಎಲ್ಲವೂ ಹೊರಗೆ!

ಮೂರನೆಯವನೇ ಖಳನಾಯಕರ ದೊರೆ... ಸಿಡಿಲು. ಬೇಸಿಗೆಯ ಕೊನೆಯ ಅಡ್ಡಮಳೆ ಮತ್ತು ಮುಂಗಾರು ತಿರುಗುವ ಹೊತ್ತು ಇವನ ಸೀಸನ್. ಬಯಲು ದಂಡೆಯಲ್ಲಿ ಎಲ್ಲರಿಗಿಂತ ಎತ್ತರ ಯಾರು? ನೀವು, ನಿಮ್ಮ ಟೆಂಟಿನ ಕಂಬಿ, ನಿಮ್ಮ ಗಾಳದ ಕೋಲು. ಈಗಿನ ಕಾರ್ಬನ್ ಕೋಲು ಕರೆಂಟನ್ನು ಚೆನ್ನಾಗಿಯೇ ಹರಿಸುತ್ತದೆ. ಕೈಯಲ್ಲಿ ಹಿಡಿದು ನಿಂತರೆ ಸಿಡಿಲಿಗೆ ನೀವೇ ಅಡ್ರೆಸ್ ಕೊಟ್ಟಂತೆ. ಒಂದು ಮಾತು ಬರೆದಿಟ್ಟುಕೊಳ್ಳಿ: ಸಾವಿರದ್ದಾಗಲಿ, ಲಕ್ಷದ್ದಾಗಲಿ, ಯಾವ ಟೆಂಟೂ, ಯಾವ ಬಿವ್ವಿಯೂ, ಯಾವ ತಾಡಪತ್ರಿಯೂ ಸಿಡಿಲನ್ನು ತಡೆಯದು. ಮರದ ಬುಡವಂತೂ ಇನ್ನೂ ಕೆಟ್ಟದ್ದು.

ಮತ್ತೇನು ಮಾಡೋದು? ಮಿಂಚು ಕಂಡೊಡನೆ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಕೋಲನ್ನು ನೆಲಕ್ಕೆ ಹಾಕಿ, ಗಾಳದಲ್ಲಿ ಮೀನಿದ್ದರೂ ಬಿಡಿ, ಪಕ್ಕಾ ಕಟ್ಟಡಕ್ಕೋ, ಲೋಹದ ಮೇಲ್ಛಾವಣಿಯ ಮುಚ್ಚಿದ ಕಾರು–ಬಸ್ಸಿಗೋ ನಡೆಯಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ಹೊರಡುವ ಮೊದಲು ಮೊಬೈಲಿನಲ್ಲಿ ‘ದಾಮಿನಿ’ ನೋಡಿ. 1993ರ ಹಿಂದಿ ಚಿತ್ರ ಅಲ್ಲ ಗುರುವೇ! ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆ ಮಾಡಿದ, ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ಆಪ್ ಅದು.

ಆದ್ದರಿಂದ ಜಾಗ ಆರಿಸುವಾಗ ಮೀನಿಗಿಂತ ಮೊದಲು ಒಂದು ಲೆಕ್ಕ ಮಾಡಿ. ಹತ್ತಿರದ ಪಕ್ಕಾ ಮನೆ, ಶಾಲೆ, ಗುಡಿ ಎಷ್ಟು ನಿಮಿಷದ ದಾರಿ? ಹತ್ತಕ್ಕಿಂತ ಹೆಚ್ಚಾದರೆ ಗುಡುಗುವ ತಿಂಗಳಲ್ಲಿ ಆ ದಂಡೆ ಎಷ್ಟೇ ಮೀನಿದ್ದರೂ ಬೇಡ. ಬೆಳ್ಳಿತೆರೆಯ ಮೇಲೆ ಹೀರೋ ಮಳೆಯಲ್ಲಿ ನೆಂದರೆ ಡ್ಯೂಯೆಟ್ಟು, ಸಿಡಿಲು ಬಡಿದರೆ ಇಂಟರ್‌ವಲ್. ದಂಡೆಯ ಮೇಲೆ ಇಂಟರ್‌ವಲ್ ಇಲ್ಲ, ಮಾರನೇ ದಿನದ ಆಟವೂ ಇಲ್ಲ. ಕಾಟ್ಲಾ ಮುಂದಿನ ಶನಿವಾರವೂ ಅದೇ ಕೆರೆಯಲ್ಲಿರುತ್ತದೆ. ನೀವೂ ಇರಬೇಕು, ನಮ್ಮ ಪತ್ರಿಕೆ ಕೊಳ್ಳೋಕೆ!

ಮುಂದಿನ ವಾರ ಇನ್ನೊಂದು ಕಾಗದದ ಜೊತೆ ಸಿಗೋಣ. ಬರ್ಲಾ?