ಕೆರೆ ಏರಿಗೆ ಮನೆಗೆರಡು ಸಾವಿರ: ಇದು ಯಾವ ಲೆಕ್ಕ ಸ್ವಾಮಿ?



ನಮ್ಮೂರ ಕೆರೆ ಏರಿ ರಿಪೇರಿಗೆ ಮನೆಗೆ 2,000 ರೂಪಾಯಿ ವಂತಿಗೆ ಅಂತ ಅರಳಿಕಟ್ಟೆ ಮೇಲೆ ತೀರ್ಮಾನ ಆಗಿದೆ. ನಮಗೆ ಗೊತ್ತಾಗಿದ್ದು ವಾಟ್ಸಾಪ್‌ನಲ್ಲಿ. (ಮೊದಲಾಗಿದ್ದರೆ ತಮಟೆ ಹೊಡೆದು ಸಾರೋಕೂ ನಮ್ಮೋರೇ ಬೇಕಿತ್ತು, ಅದೊಂದು ತಪ್ಪಿತು.) ಕೇರಿ ಹುಡುಗರು ಒಂದು ಪೈಸೆನೂ ಕೊಡಲ್ಲ ಅಂತಿದ್ದಾರೆ. ನಾನು ಹಾಗೆ ಹೇಳಲ್ಲ. ಕೊಡೋಣ. ಆದರೆ ಈ ಲೆಕ್ಕದಲ್ಲಿ ಅಲ್ಲ, ಈ ಕೈಗೂ ಅಲ್ಲ.

ಏರಿ ಹಾಳಾಗಿರೋದು ನಿಜ. ನಮ್ಮ ಕೋಲಾರ ಸೀಮೆಯ ಕೆರೆಗಳು ಎಷ್ಟೋ ವರ್ಷ ಒಣಗಿ ಬಿದ್ದಿದ್ದವು. ಆಗ ಏರಿ ತುಂಬಾ ಜಾಲಿ ಬೆಳೆದು ಬೇರು ಒಳಗಿಳಿಯಿತು, ಹೆಗ್ಗಣ ಬಿಲ ತೋಡಿತು, ಏರಿಗೆ ಹೊದಿಸಿದ್ದ ಕಲ್ಲನ್ನ ಯಾರ್ಯಾರೋ ಮನೆ ಪಾಯಕ್ಕೆ ಸಾಗಿಸಿದರು. 2018ರಿಂದ ಕೆ.ಸಿ. ವ್ಯಾಲಿ ನೀರು ಜಿಲ್ಲೆಗೆ ಬಂತು, 2021ರಲ್ಲಿ ಮಳೆಯೂ ಹುಯ್ದು ಕೆರೆಗಳು ಕೋಡಿ ಬಿದ್ದವು. ಈಗ ತೂಬಿನ ಪಕ್ಕ ಒಸರು. ತಿಳಿನೀರು ಒಸರಿದರೆ ಅಷ್ಟು ಭಯವಿಲ್ಲ. ಮಣ್ಣು ಹೊತ್ತುಕೊಂಡು ಕೆಂಪಗೆ ಬಂದರೆ ಏರಿ ಒಳಗೊಳಗೇ ಟೊಳ್ಳಾಗ್ತಿದೆ ಅಂತ. ನಮ್ಮದು ಕೆಂಪಗೆ ಬರ್ತಿದೆ. ಒಡೆದರೆ ನೀರು ಮೊದಲು ನುಗ್ಗೋದು ತಗ್ಗಿನಲ್ಲಿರೋ ನಮ್ಮ ಕೇರಿಗೇ.

ಹಾಗಿದ್ದ ಮೇಲೆ ಸಮನಾಗಿ ಕೊಡೋಕೆ ಏನು ಅಡ್ಡಿ ಅಂತೀರಾ? "ಮನೆಗೆ" ಅಂದರೆ ಏನು ಅಂತ ನೋಡಿ. ಊರೊಳಗೆ ಅಚ್ಚುಕಟ್ಟಿನಲ್ಲಿ ಹನ್ನೆರಡು ಎಕರೆ ಗದ್ದೆ ಇರೋ ಒಟ್ಟು ಕುಟುಂಬ, ನಾಲ್ಕು ಜನ ಅಣ್ಣತಮ್ಮಂದಿರು, ಒಂದೇ ಒಲೆ: ಎರಡು ಸಾವಿರ. ಕೇರಿಯಲ್ಲಿ ಮೂವರು ಅಣ್ಣತಮ್ಮಂದಿರು, ಆಶ್ರಯ ಮನೆ ಸಿಕ್ಕಿದ್ದಕ್ಕೆ ಬೇರೆಬೇರೆ ಇದ್ದಾರೆ, ಅಚ್ಚುಕಟ್ಟಿನಲ್ಲಿ ಒಂದು ಗುಂಟೆ ಇಲ್ಲ: ಆರು ಸಾವಿರ. ಕೂಲಿ ಮಾಡೋ ಮನೆಗೆ ಎರಡು ಸಾವಿರ ಅಂದರೆ ವಾರದ ದುಡಿಮೆ. ಸಮಾನತೆ ಅಂದರೆ ಮುಖ ಸಿಂಡರಿಸೋರಿಗೆ ವಂತಿಗೆ ಎತ್ತುವಾಗ ಮಾತ್ರ ಅದು ನೆನಪಾಗುತ್ತೆ!

ಇನ್ನೊಂದು ಬಾಕಿ ಇದೆ. ಈ ಏರಿಯನ್ನ ತಲೆಮಾರುಗಳಿಂದ ಕಾದವರು ಯಾರು? ತೂಬು ಎತ್ತಿದ ನೀರಗಂಟಿ ನಮ್ಮ ಕೇರಿಯವನು. ಸರಿರಾತ್ರಿ ಮಳೆಯಲ್ಲಿ ಕೋಡಿಗೆ ಓಡಿ ಮಣ್ಣು ಹಾಕಿದವರು ನಮ್ಮವರು. ಅದಕ್ಕೆ ಸಿಕ್ಕಿದ್ದು ಕಣದಲ್ಲಿ ಒಂದಿಷ್ಟು ಕಾಳು, ಒಂಚೂರು ಇನಾಮ್ತಿ ಭೂಮಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ಹುದ್ದೆ ಹೋಯ್ತು, ಭೂಮಿ ನಮ್ಮ ಕೇರಿ ಕೈಲಿ ಉಳಿಯಲಿಲ್ಲ. ಆ ಬಿಟ್ಟಿ ಚಾಕರಿಯನ್ನ ಇವತ್ತಿನ ಕೂಲಿ ದರದಲ್ಲಿ ಕೂಡಿದರೆ ಏರಿಗೆ ಅತಿ ಹೆಚ್ಚು ವಂತಿಗೆ ಕೊಟ್ಟೋರು ಯಾರು ಅಂತ ಗೊತ್ತಾಗುತ್ತೆ.

ಇನ್ನು ದುಡ್ಡು ಯಾರ ಕೈಗೆ ಅನ್ನೋದು. ನನಗೆ ಇದೇ ದೊಡ್ಡದು. ನಾನು ಗುಮಾಸ್ತ, ಕಾಗದ ನೋಡಿ ಬದುಕೋನು. ವಂತಿಗೆ ಸೇರ್ತಿರೋದು ದೇವಸ್ಥಾನದ ಕಮಿಟಿ ಹೆಸರಲ್ಲಿ. ರಸೀದಿ ಇಲ್ಲ, ನಡಾವಳಿ ಇಲ್ಲ. ನಾಳೆ "ಈ ಏರಿ ನಾವು ಕಟ್ಟಿಸಿದ್ದು, ಕೆರೆ ನಮ್ದು" ಅಂದರೆ? ಸುಮ್ಮನೆ ಹೆದರಿಸ್ತಿಲ್ಲ. ಮಹಾಡದ ಚೌದಾರ್ ಕೆರೆ ನೆನಪು ಮಾಡ್ಕೊಳ್ಳಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ನೀರು ಮುಟ್ಟಿದರು. ಸವರ್ಣೀಯರು ಕೆರೆಗೆ ಸಗಣಿ ಗಂಜಲ ಸುರಿದು "ಶುದ್ಧಿ" ಮಾಡಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಅವರು ಕೋರ್ಟಿಗೆ ಹೋಗಿದ್ದು ಏನಂತ? ಈ ಕೆರೆ ಸಾರ್ವಜನಿಕರದ್ದಲ್ಲ, ನಮ್ಮ ಸ್ವಂತದ್ದು ಅಂತ. ಬಾಂಬೆ ಹೈಕೋರ್ಟಿನಲ್ಲಿ ಅವರು ಸೋಲೋ ಹೊತ್ತಿಗೆ 1937 ಆಗಿತ್ತು. ಹತ್ತು ವರ್ಷ! ಸಂವಿಧಾನದ 15(2)ನೇ ವಿಧಿಯಲ್ಲೂ ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರು ಹಿಡಿದೇ ಬರೆದಿದೆ. ಆದರೆ ಪೂರ್ತಿಯಾಗಿಯೋ ಭಾಗಶಃವೋ ಸರ್ಕಾರದ ಹಣದಿಂದ ನಿರ್ವಹಿಸುವ ಅಥವಾ ಸಾರ್ವಜನಿಕರ ಬಳಕೆಗೆ ಬಿಟ್ಟ ಕೆರೆ ಅನ್ನೋ ಮಾತೂ ಜೊತೆಗಿದೆ. ಕೆರೆಗೆ ಯಾರ ದುಡ್ಡು, ಯಾವ ಲೆಕ್ಕಪುಸ್ತಕ ಅನ್ನೋದು ಸಣ್ಣ ವಿಷಯ ಅಲ್ಲ.

ಮೊನ್ನೆ ಕಟ್ಟೆ ಹತ್ತಿರ ಇದನ್ನೇ ಕೇಳಿದೆ. "ಏನಪ್ಪಾ, ಊರ ಕೆಲಸಕ್ಕೂ ಕಾನೂನು ತರ್ತೀಯಾ?" ಅಂದರು ಯಜಮಾನರು. "ಊರ ಕೆಲಸ ಅಂತಲೇ ಗೌಡ್ರೇ ಪಂಚಾಯ್ತಿ ಖಾತೆಗೆ ಹಾಕಿ ಅಂತಿರೋದು" ಅಂದೆ. ಅದಕ್ಕೆ ಉತ್ತರ ಬರಲಿಲ್ಲ.

ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ ಬರುತ್ತೆ. ನಮ್ಮದು ಚಿಕ್ಕ ಕೆರೆ, ಅದಕ್ಕೇ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೀವಿ. ಮೊದಲು ಇಂಜಿನಿಯರ್ ಬಂದು ಒಸರು ನೋಡಲಿ, ಅಲ್ಲಿವರೆಗೆ ನೀರಿನ ಮಟ್ಟ ಇಳಿಸಲಿ. ಸಾಲದ ದುಡ್ಡಿಗೆ ವಂತಿಗೆ ಎತ್ತಲಿ, ಅಚ್ಚುಕಟ್ಟಿನ ಎಕರೆ ಲೆಕ್ಕದಲ್ಲಿ. ಜಮೀನಿಲ್ಲದ ಮನೆಯವರು ಕೈಲಾದ್ದು ಕೊಡ್ತೀವಿ, ನೂರಾದರೂ ಸರಿ, ರಸೀದಿ ಮೇಲೆ. ಮಣ್ಣು ಹೊರೋಕೆ ಕರೆದರೆ ಕೂಲಿ ಕೊಡಬೇಕು. ಕಮಿಟಿಯಲ್ಲಿ ಕೇರಿಯ ಇಬ್ಬರು ಇರಬೇಕು, ಒಬ್ಬರು ಹೆಣ್ಣುಮಗಳು. ಮೀನು ಹರಾಜಿನ ದುಡ್ಡು ಇಷ್ಟು ವರ್ಷ ಎಲ್ಲಿ ಹೋಯ್ತು ಅನ್ನೋದನ್ನೂ ಕೇಳ್ತೀವಿ.

ಭಾನುವಾರ ಸಭೆ. ನಿಮ್ಮೂರಲ್ಲಿ ಎಕರೆ ಲೆಕ್ಕದಲ್ಲಿ ವಂತಿಗೆ ಎತ್ತಿದ್ದರೆ ಆ ಪಟ್ಟಿಯ ಫೋಟೋ ಇನ್‌ಬಾಕ್ಸ್‌ಗೆ ಹಾಕಿ. "ಎಲ್ಲೂ ಇಲ್ಲದ ಪದ್ಧತಿ" ಅಂತ ಯಾರಾದರೂ ಅಂದಾಗ ತೋರಿಸೋಕೆ ಬೇಕು.