ಬಾಡಿಗೆ ಇಸ್ಕೊಂಡ ಮೇಲೆ ಒಂದು ಚೀಟಿ ಬರ್ಕೊಡಿ

ಮೊನ್ನೆ ಮನೆದೇವರ ಪೂಜೇಲಿ ಊಟಕ್ಕೆ ಕೂತಾಗ ದೊಡ್ಡತ್ತೆ ಅಂದ್ರು, "ನೀನು ಕಾಲೇಜಲ್ಲಿ ಪೇಪರ್ ಬರಿಯೋದು ಹೇಳ್ಕೊಡ್ತೀಯಲ್ಲ, ನಮ್ಮ ದೊಡ್ಡಬಳ್ಳಾಪುರದಲ್ಲಿ ಎಲ್ಲಿ ನೋಡಿದ್ರೂ ಈ ಹಿಂದಿಯೋರೇ ತುಂಬ್ಕಂಡವ್ರೆ, ಅದನ್ನ ವಸಿ ಬರಿ." ಪಂಕ್ತೀಲಿದ್ದೋರೆಲ್ಲ ಹೂಂ ಹೂಂ ಅಂದ್ರು. ಬರೀತೀನಿ ಅಂತ ಒಪ್ಕಂಡೆ. ಅತ್ತೆ ಕೇಳಿದ್ದು ಇದಲ್ಲ ಅಂತ ಓದ್ತಾ ಓದ್ತಾ ಗೊತ್ತಾಗ್ತದೆ, ಬೈಕೋಬೇಡಿ.

ನಮ್ಮನೆ ಹಿತ್ಲಲ್ಲಿ ಅವ್ವ ಆರು ರೂಮು ಬಾಡಿಗೆಗೆ ಕೊಟ್ಟವ್ಳೆ, ನಿಮಗೆಲ್ಲ ಗೊತ್ತಲ್ಲ. ಮಗ್ಗ ನಿಂತ ಮೇಲೆ ಅದೇ ಶೆಡ್ಡಿಗೆ ಅಡ್ಡಗೋಡೆ ಎಬ್ಬಿಸಿ ಮಾಡಿದ್ದು. ಒಡಿಶಾ, ಬಿಹಾರ, ಅಸ್ಸಾಂ ಕಡೆಯೋರು ಅವ್ರೆ. ಕೆಲವರು ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ, ಕೆಲವರು ಅಪಾರೆಲ್ ಪಾರ್ಕಿನ ಗಾರ್ಮೆಂಟ್ಸಿಗೆ ಹೋಗ್ತಾರೆ. ರಾಯಚೂರು ಕಡೆಯ ಗಂಡ ಹೆಂಡ್ತಿ ಒಬ್ಬರವ್ರೆ. ಅವರ ಮಾತು ಅವ್ವನಿಗೆ ಸರಿಯಾಗಿ ತಿಳಿಯಲ್ಲ, ಅವರನ್ನೂ ಹಿಂದಿಯೋರ ಲೆಕ್ಕಕ್ಕೇ ಸೇರಿಸವ್ಳೆ!

ಈಗ ಕಾಲೇಜಿನ ಕಡೆ ಬರ್ತೀನಿ. ನಮ್ಮ ವಿಭಾಗದಲ್ಲಿ ಮಕ್ಕಳೇ ಮಾಡೋ ಎಂಟು ಪುಟದ ಪತ್ರಿಕೆ ಐತೆ. ಅದ್ರಲ್ಲಿ ಬರೋದೇನು? ಕಾಲೇಜ್ ಡೇ, ಯಾರೋ ಅತಿಥಿ ಬಂದು ದೀಪ ಹಚ್ಚಿದ್ದು, ಹಾಸ್ಟೆಲ್ ಊಟ, ಟ್ರಾಫಿಕ್ಕು. ಊರಿನ ಬದುಕಿನ ಬಗ್ಗೆ ಬರೀರಪ್ಪ ಅಂದ್ರೆ ಚರ್ಚ್ ಸ್ಟ್ರೀಟಿಗೆ ಹೋಗಿ ಕಾಫಿ ಬಗ್ಗೆ ಬರ್ಕಂಡ್ ಬರ್ತಾರೆ. ರಾಜಾನುಕುಂಟೆ, ಯಲಹಂಕ ದಾಟಿ ನಾನು ದಿನಾ ಹೋಗೋ ರೈಲಲ್ಲಿ ಎಷ್ಟು ಸುದ್ದಿ ಕೂತಿರ್ತವೆ, ಒಬ್ಬರೂ ಹತ್ತಲ್ಲ.

ಈ ಸಲ ಒಬ್ಬ ಹುಡುಗಿ ಬೇರೆ ಥರದ್ದು ತಂದ್ಲು. ನಮ್ಮೂರಿಗೇ ಬಂದು ಬಾಡಿಗೆ ರೂಮುಗಳನ್ನ ಸುತ್ತವ್ಳೆ. ಇದು ನನ್ನ ಊರು ಅಂತ ಅವಳಿಗೆ ಗೊತ್ತಿತ್ತು, ಮನೆ ಯಾವುದು ಅಂತ ಗೊತ್ತಿರ್ಲಿಲ್ಲ. ಮಾಲೀಕರು ಅಡ್ವಾನ್ಸ್ ಇಸ್ಕೊತಾರೆ, ಬಾಡಿಗೆ ಇಸ್ಕೊತಾರೆ, ನೀರಿಗೆ ಬೇರೆ ಮುನ್ನೂರು ಇಸ್ಕೊತಾರೆ, ಒಂದು ಚೂರು ಕಾಗದ ಮಾತ್ರ ಕೊಡಲ್ಲ ಅನ್ನೋದು ಅವಳ ವರದಿ. ಮೂರನೇ ಪ್ಯಾರಾದಲ್ಲಿ ಹಳೇ ಮಗ್ಗದ ಶೆಡ್ಡು, ಆರು ರೂಮು, ಬಾಗಿಲಲ್ಲಿ ನುಗ್ಗೆ ಮರ. ಅಲ್ಲಿಯ ಅಜ್ಜಿ ಹೇಳಿದ್ದು, "ಕಾಗದ ಕೊಟ್ರೆ ಮನೇನೇ ಬರ್ಕಂಡ್ಬಿಡ್ತಾರೆ ಕಣವ್ವ."

ನಮ್ಮವ್ವನ ದನಿ ನನಗೆ ಗೊತ್ತಾಗಲ್ವಾ?

ಪೆನ್ನು ಹಿಡ್ಕಂಡು ಆ ಪ್ಯಾರಾ ಮೇಲೆ ಸುಮಾರು ಹೊತ್ತು ಕೂತಿದ್ದೆ. ಉದ್ದ ಆಯ್ತು, ಜಾಗ ಇಲ್ಲ ಅಂತ ಹೊಡೆದು ಹಾಕಬಹುದಿತ್ತು. ಸಂಪಾದಕರು ಹೆಂಗೆಲ್ಲ ನೆಪ ಹೇಳಿ ಸುದ್ದಿ ತೆಗೀತಾರೆ ಅಂತ ಪಾಠ ಮಾಡೋಳೂ ನಾನೇ. ಹೊಡೀಲಿಲ್ಲ. ಹಂಗಂತ ದೊಡ್ಡಸ್ತಿಕೆ ಏನಿಲ್ಲ, ಆ ಹುಡುಗಿ ಎದುರಿಗೇ ನಿಂತಿದ್ಲು.

ಒಂದು ಕಾಗದದಿಂದ ಏನಾಗ್ತದೆ ಅಂತೀರಾ? ಬಾಡಿಗೆ ಕರಾರಿದ್ರೆ ಆಧಾರ್‌ನಲ್ಲಿ ಈ ಊರಿನ ವಿಳಾಸ ಹಾಕಿಸ್ಕೊಬಹುದು. ವಿಳಾಸ ಇದ್ರೆ ಬ್ಯಾಂಕು, ಗ್ಯಾಸು. ಇಲ್ದಿದ್ರೆ 5 ಕೆಜಿ ಸಿಲಿಂಡರ್ ಹೊತ್ಕಂಡು ಓಡಾಡ್ಬೇಕು. ಅಕ್ಕಿಗೆ ನಮ್ಮ ಚೀಟಿ ಬೇಡ ಅನ್ನಿ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೇಲಿ ಕರ್ನಾಟಕ 2020ರಿಂದ ಐತೆ, ಆಧಾರ್ ಜೋಡಿಸಿದ ಕಾರ್ಡ್ ಒಡಿಶಾದ್ದಾದ್ರೂ ಇಲ್ಲಿ ಬೆರಳು ಒತ್ತಿ ತಗೋಬಹುದು. ಇದನ್ನ ನಿಮ್ಮ ರೂಮಿನೋರಿಗೆ ಹೇಳಿ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಮನೆ ಹೊಡ್ಕಂಡ್ಬಿಡ್ತಾರೆ ಅನ್ನೋ ಭಯ ನಮ್ಮ ಬೀದೀಲಿ ಎಲ್ಲರಿಗೂ ಐತೆ. ಆದ್ರೆ ನೋಡಿ, 11 ತಿಂಗಳ ಕರಾರು ಅಂತ ಯಾಕೆ ಮಾಡ್ತಾರೆ? ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗ್ಬೇಕು, ಅದು ತಪ್ಪಲಿ ಅಂತ. ಯಾರು, ಎಷ್ಟಕ್ಕೆ, ಎಲ್ಲೀವರೆಗೆ ಬಾಡಿಗೆಗಿದ್ರು ಅಂತ ಆ ಕಾಗದ ಹೇಳ್ತದೆ. ನಾಳೆ ತಕರಾರು ಬಂದ್ರೆ ಅದು ಮಾಲೀಕರ ಕಡೆಯ ಸಾಕ್ಷಿ. ಕಾಗದ ಇಲ್ದೇ ಇರೋದೇ ನಮಗೆ ಅಪಾಯ.

2020ರ ಮೇ ತಿಂಗಳು ನೆನಪೈತಾ? ಊರಿಗೆ ಹೋಗೋರಿಗೆ ಚಿಕ್ಕಬಾಣಾವರ, ಮಾಲೂರು ಸ್ಟೇಷನ್ನಿಂದ ಶ್ರಮಿಕ್ ರೈಲು ಬಿಟ್ಟಿದ್ರು. ಮೇ 5ಕ್ಕೆ ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿಗಳ ಸಭೆ ಆಯ್ತು, ಇನ್ನು ರೈಲು ಬೇಡ ಅಂತ ಸರ್ಕಾರ ರೈಲ್ವೆಗೆ ಬರೀತು. ದೇಶವೆಲ್ಲ ಛೀ ಥೂ ಅಂದ ಮೇಲೆ ಮತ್ತೆ ಬಿಟ್ರು. ಆಗ ನಾವೂ ಟಿವಿ ಮುಂದೆ ಕೂತು ಸರ್ಕಾರಕ್ಕೆ ಬೈದ್ವಿ. ಅದೇ ವಾರ ಯಾರೋ ಪಟ್ಟಿ ಬರ್ಕೊಳ್ಳೋಕೆ ನಮ್ಮನೆಗೆ ಬಂದ್ರೆ ಅವ್ವನಿಗೆ ಒಂದು ಹೆಸ್ರೂ ಹೇಳೋಕೆ ಬರ್ಲಿಲ್ಲ. "ಮೂರನೇ ರೂಮೋನು, ನಾಲ್ಕನೇ ರೂಮೋಳು" ಅಂದ್ಲು. ಅವತ್ತು ನಾನೂ ಅಲ್ಲೇ ಇದ್ದೆ, ನನಗೂ ಗೊತ್ತಿರ್ಲಿಲ್ಲ.

ಅವ್ವನನ್ನ ಆಡ್ಕೊಳ್ಳೋಕೆ ಬರೀತಿಲ್ಲ. ನಮ್ಮ ತಾತನೂ ಹಿಂದೂಪುರದ ಕಡೆಯಿಂದ ಮಗ್ಗಕ್ಕೆ ಅಂತ ಬಂದೋನೇ. ಅವ್ವ ಇವತ್ತಿಗೂ ದುಡ್ಡು ಎಣಿಸೋದು ತೆಲುಗಲ್ಲೇ. ದೊಡ್ಡತ್ತೆ ಮಗಳು ನ್ಯೂಜೆರ್ಸಿಗೆ ಹೋದಾಗ ಅಲ್ಲಿಯೋರು ಬಾಡಿಗೆ ಮನೆಗೆ ಎಷ್ಟು ಸತಾಯಿಸಿದ್ರು ಅಂತ ಅತ್ತೆ ಅತ್ತಿದ್ದು ನಾವ್ಯಾರೂ ಮರೆತಿಲ್ಲ. ಸತಾಯಿಸಿದ್ರೂ ಕೊನೆಗೆ ಅವಳ ಕೈಗೆ ಕರಾರು ಪತ್ರ ಕೊಟ್ರು, ಅತ್ತೆ.

"ಕನ್ನಡ ಕಲಿಯಲ್ವಲ್ಲ" ಅಂತೀರಿ. ಆ ಕೋಪ ನನಗೂ ಐತೆ. ಆದ್ರೆ ಅಂಗಡೀಲಿ ಅವ್ರು ತೊದಲು ಕನ್ನಡದಲ್ಲಿ ಕೇಳಿದ್ರೆ ನಾವು ಹರಕು ಹಿಂದೀಲಿ ಉತ್ತರ ಕೊಡ್ತೀವಿ. ಪ್ರತಿ ಜುಲೈ 1ಕ್ಕೆ ಕಾಲೇಜಲ್ಲಿ ಪತ್ರಿಕಾ ದಿನ ಮಾಡ್ತೀವಿ, 1843ರಲ್ಲಿ ಅವತ್ತು ಮಂಗಳೂರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಬಂತು ಅಂತ. ಕಲ್ಲಚ್ಚಲ್ಲಿ ಅದನ್ನ ತಂದ ಹೆರ್ಮನ್ ಮೋಗ್ಲಿಂಗ್ ಜರ್ಮನಿಯೋನು. ಆ ಮಿಷನರಿ ಬಂದಿದ್ದು ಅವನ ಧರ್ಮದ ಕೆಲಸಕ್ಕೆ, ಅದು ಬೇರೆ ಮಾತು. ಅವನ ಜೊತೆ ಕನ್ನಡದಲ್ಲಿ ಮಾತಾಡಿದೋರು ಮಂಗಳೂರಲ್ಲಿ ಇದ್ದೇ ಇದ್ರಲ್ಲ.

ಪತ್ರಿಕೆ ಅಚ್ಚಾಗಿ ಬಂದ ದಿನ ಅವ್ವನ ಮುಂದೆ ಇಟ್ಟೆ. ಕನ್ನಡಕ ಹಾಕ್ಕಂಡು ನಿಧಾನವಾಗಿ ಓದಿದ್ಲು, ಏನೂ ಮಾತಾಡ್ಲಿಲ್ಲ. ಎರಡು ದಿನ ನನ್ನ ಹತ್ರ ಮಾತೇ ಇಲ್ಲ. ಮೂರನೇ ದಿನ ಛಾಪಾ ಕಾಗದ ತರಿಸು ಅಂದ್ಲು. ನಾಲ್ಕನೇ ರೂಮಿನ ಹುಡುಗಿಯನ್ನ ಜಗಲಿ ಮೇಲೆ ಕೂರಿಸ್ಕಂಡು ಹೆಸ್ರು, ಅಪ್ಪನ ಹೆಸ್ರು, ಊರು ಒಂದೊಂದೇ ಕೇಳಿದ್ಲು. ಗಂಜಾಂ ಜಿಲ್ಲೆಯಂತೆ. ನಾನು ಬರ್ಕೊಳ್ತಾ ಹೋದೆ.

ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, "ನಿನ್ನ ಆ ಹುಡುಗಿಗೆ ಹೇಳು, ನಾನು ನೀರಿಗೆ ಇಸ್ಕೊಳ್ಳೋದು ಇನ್ನೂರೈವತ್ತು, ಮುನ್ನೂರಲ್ಲ. ಪೇಪರಲ್ಲಿ ತಪ್ಪು ಹಾಕವ್ಳೆ" ಅಂದ್ಲು. ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕ್ತಾ ಇದ್ದೀವಿ.